ನಾಲ್ಕು ಮೂಲೆಗಳ ಗುಟ್ಟು

ಚೆಂಡು ನೇರ ಮುಖಕ್ಕೇ ತೂರಿ ಬಂತು. ಕುರ್ಚಿಯಲ್ಲಿ ಕೂತಿದ್ದಾತ ಸರಕ್ಕನೆ ತಲೆ ತಗ್ಗಿಸಿದ. ವಿಚಿತ್ರವೆಂದರೆ ಆ ಕೋಣೆಯಲ್ಲಿ ಚೆಂಡೂ ಇರಲಿಲ್ಲ, ಎಸೆದವನೂ ಇರಲಿಲ್ಲ. ಚೆಂಡಾಟ ನಡೆದದ್ದು ಕಟ್ಟಡದ ತಾರಸಿಯ ಮೇಲೆ. ಅಲ್ಲಿ ನೆಟ್ಟಿದ್ದ ಕ್ಯಾಮೆರಾ, ಕೆಳಗೆ ಕೂತವನ ತಲೆ ತಿರುಗಿದತ್ತಲೇ ತಿರುಗುತ್ತಿತ್ತು. ಅದು ಕಂಡದ್ದೆಲ್ಲ ಅವನ ಕಣ್ಣ ಮುಂದಿನ ಪುಟ್ಟ ಪರದೆಗೆ ಬರುತ್ತಿತ್ತು. ಇರುಳಿನಲ್ಲಿ ಹೆಲಿಕಾಪ್ಟರ್ ಇಳಿಸುವ ಪೈಲಟ್‌ಗಳಿಗೆ ನೆರವಾಗಲೆಂದು 1960ರ ದಶಕದಲ್ಲಿ ಅಮೆರಿಕದ ಬೆಲ್ ಹೆಲಿಕಾಪ್ಟರ್ ಕಂಪನಿ ಕಟ್ಟಿದ ಸಲಕರಣೆ ಅದು. ಅದೇ ಕ್ಯಾಮೆರಾವನ್ನು ತಾರಸಿಯಿಂದ ಕೆಳಕ್ಕೆ ಬಗ್ಗಿಸಿದಾಗ, ಕೋಣೆಯೊಳಗೆ ಭದ್ರವಾಗಿ ಕೂತಿದ್ದವನ ಎದೆ ಝಲ್ಲೆಂದಿತು.

ಬೇರೆಯವರಾಗಿದ್ದರೆ ನಕ್ಕು ಸುಮ್ಮನಾಗುತ್ತಿದ್ದರು. ಐವನ್ ಸದರ್ಲೆಂಡ್ ಎಂಬ ಎಂಜಿನಿಯರಿಗೆ ಮಾತ್ರ ಆ ಪ್ರಸಂಗ ಮನಸ್ಸಿಗೆ ಹೊಕ್ಕಿತು. ದೂರದ ಕ್ಯಾಮೆರಾದ ಚಿತ್ರವೇ ಮನುಷ್ಯನನ್ನು ಇಷ್ಟು ನಂಬಿಸುವುದಾದರೆ, ಕ್ಯಾಮೆರಾ ತೆಗೆದು ಆ ಜಾಗದಲ್ಲಿ ಕಂಪ್ಯೂಟರನ್ನು ಕೂರಿಸಿದರೆ ಹೇಗೆ? ಇಲ್ಲದ ವಸ್ತುವನ್ನು ಇರುವ ಕೋಣೆಯಲ್ಲಿ ತೋರಿಸಿದರೆ ಹೇಗೆ? ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಅವರು ವಿದ್ಯಾರ್ಥಿಗಳೊಂದಿಗೆ ಇದಕ್ಕೆ ಕೈಹಾಕಿದರು.

ಚಿತ್ರ ಬರೆಯುವುದು ಅಷ್ಟೇನೂ ಕಷ್ಟವಾಗಲಿಲ್ಲ. ತಲೆ ಎಲ್ಲಿದೆ, ಎತ್ತ ವಾಲಿದೆ ಎಂದು ಯಂತ್ರಕ್ಕೆ ತಿಳಿಸುವುದೇ ಕಷ್ಟವಾಯಿತು. ಮೊದಲು ಕಿವಿಗೆ ಕೇಳದ ಶಬ್ದದ ಅಲೆಗಳಿಂದ ದೂರ ಅಳೆಯಲು ನೋಡಿದರು. ಸಣ್ಣಸಣ್ಣ ತಪ್ಪುಗಳು ಒಂದರ ಮೇಲೊಂದು ಕೂಡಿ, ಸ್ವಲ್ಪ ಹೊತ್ತಿಗೆಲ್ಲ ಲೆಕ್ಕ ಜಾರಿಹೋಗುತ್ತಿತ್ತು. ಕೊನೆಗೆ ಮೊಂಡು ದಾರಿಯನ್ನೇ ಹಿಡಿದರು. ಚಾವಣಿಯಿಂದ ಒಂದು ಯಂತ್ರದ ತೋಳನ್ನು ಇಳಿಬಿಟ್ಟು ಅದನ್ನು ನೋಡುವವನ ತಲೆಗೇ ಕಟ್ಟಿದರು. ತಲೆ ಅಲುಗಿದಷ್ಟು ತೋಳು ಅಲುಗುತ್ತಿತ್ತು, ಅದರ ಕೀಲುಗಳೇ ಲೆಕ್ಕ ಕೊಡುತ್ತಿದ್ದವು. ನೆತ್ತಿಯ ಮೇಲೆ ತೂಗುವ ಈ ಭಾರಕ್ಕೆ ಗ್ರೀಕ್ ಕತೆಯ ಡ್ಯಾಮೊಕ್ಲಿಸನ ಕತ್ತಿಯ ಹೆಸರು ಬಿತ್ತು. 1968ರಲ್ಲಿ ಅದರೊಳಗೆ ಕಣ್ಣಿಟ್ಟವರಿಗೆ ಗಾಳಿಯಲ್ಲಿ ತೇಲುವ ಗೆರೆಗಳ ಘನವೊಂದು ಕಂಡಿತು. ತಲೆ ವಾಲಿಸಿದರೆ ಅದರ ಇನ್ನೊಂದು ಮಗ್ಗುಲು ಕಂಡಿತು. ಅವರು ತೋರಿಸಿದ ಇನ್ನೊಂದು ಚಿತ್ರ ಸೈಕ್ಲೋಹೆಕ್ಸೇನ್ ಅಣುವಿನದು. ಇವತ್ತು ನಮ್ಮ ಹತ್ತನೆಯ ತರಗತಿಯ ವಿಜ್ಞಾನ ಪುಸ್ತಕದಲ್ಲಿ ಚಪ್ಪಟೆಯಾಗಿ ಮಲಗಿರುವ ಅದೇ ಅಣು, ಅರ್ಧ ಶತಮಾನಕ್ಕೂ ಹಿಂದೆ ಒಂದು ಪ್ರಯೋಗಾಲಯದ ಗಾಳಿಯಲ್ಲಿ ತೂಗಿತ್ತು.

ಹಾಗಿದ್ದರೂ ಗಾಳಿಯಲ್ಲಿ ತೇಲುವ ಇಂಥ ಚಿತ್ರ ಶಾಲೆಗೆ ಬರಲು ಇಷ್ಟು ಕಾಲ ಏಕೆ ಹಿಡಿಯಿತು ಎಂಬುದರಲ್ಲೇ ಈ ಕತೆಯ ಸ್ವಾರಸ್ಯವಿದೆ. ಚಿತ್ರ ಸಿದ್ಧವಿತ್ತು, ಅದನ್ನು ಇಡುವ ಜಾಗದ ವಿಳಾಸ ಸಿಕ್ಕಿರಲಿಲ್ಲ.

1990ರ ಹೊತ್ತಿಗೆ ಆ ವಿಳಾಸ ಬೋಯಿಂಗ್ ವಿಮಾನ ಕಾರ್ಖಾನೆಗೂ ಬೇಕಾಯಿತು. ವಿಮಾನದ ಹೊಟ್ಟೆಯೊಳಗೆ ಮೈಲುಗಟ್ಟಲೆ ವೈರು ಓಡುತ್ತದೆ. ಆ ವೈರುಗಳನ್ನು ಕಂತೆ ಕಟ್ಟುವ ಕೆಲಸಗಾರರು ದೊಡ್ಡ ದೊಡ್ಡ ಹಲಗೆಗಳ ಮೇಲಿನ ನಕ್ಷೆ ನೋಡಿ ಕಟ್ಟಬೇಕಿತ್ತು. ಕಂತೆ ಬದಲಾದರೆ ಹಲಗೆಯೂ ಬದಲು. ಹಲಗೆಗಳ ರಾಶಿಗೆ ಬೇಸತ್ತಿದ್ದ ಕಂಪನಿಗೆ ಟಾಮ್ ಕಾಡೆಲ್ ಮತ್ತು ಡೇವಿಡ್ ಮಿಜೆಲ್ ಒಂದು ಉಪಾಯ ಹೇಳಿದರು: ಹಲಗೆ ಬರಿದಾಗಿಯೇ ಇರಲಿ, ಕೆಲಸಗಾರನ ಕನ್ನಡಕದಲ್ಲಿ ನಕ್ಷೆ ಮೂಡಲಿ. 1992ರಲ್ಲಿ ಅವರು ಇದನ್ನು ಬರೆದು ಪ್ರಕಟಿಸಿದರು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಹೆಸರು, ಈಗ ಕನ್ನಡದಲ್ಲೂ ಎಆರ್ ಎಂದೇ ಓಡಾಡುತ್ತಿರುವುದು, ಅವರಿಂದಲೇ ಬಂತು. ಹೆಸರು ಬಂದಷ್ಟು ಸಲೀಸಾಗಿ ಕೆಲಸ ಬರಲಿಲ್ಲ. ತಲೆ ತಿರುಗಿದ ಮೇಲೆ ಚಿತ್ರ ತಿರುಗಲು ಒಂದು ಕ್ಷಣ ತಡವಾದರೂ ಗೆರೆ ವೈರಿನಿಂದ ದೂರ ಸರಿಯುತ್ತಿತ್ತು. ಆ ಕಾಲದಲ್ಲಿ ತಲೆಯ ಜಾಡು ಹಿಡಿಯಲು ಬಳಸುತ್ತಿದ್ದ ಅಯಸ್ಕಾಂತದ ಸಾಧನಗಳು ದುಬಾರಿಯಾಗಿದ್ದವು. ಹತ್ತಿರ ಲೋಹವಿದ್ದರೆ ಅವುಗಳಿಗೆ ದಿಕ್ಕೇ ತಪ್ಪುತ್ತಿತ್ತು.

ಬಿಡುಗಡೆ ಬಂದದ್ದು ಕನ್ನಡಕ ಕಟ್ಟುವವರ ಕಡೆಯಿಂದಲ್ಲ. ಆ ಹೊತ್ತಿಗೆ ಜಪಾನಿನಲ್ಲಿ ಮಸಾಹಿರೊ ಹಾರಾ ಎಂಬ ಎಂಜಿನಿಯರು ಬೇರೆಯದೇ ತಲೆನೋವಿನಲ್ಲಿದ್ದರು. ಟೊಯೋಟಾ ಬಳಗದ ಡೆನ್ಸೊ ಕಂಪನಿಯ ಕಾರ್ಖಾನೆಗಳಲ್ಲಿ ಬಿಡಿಭಾಗದ ಪೆಟ್ಟಿಗೆಗಳಿಗೆ ಬಾರ್‌ಕೋಡ್ ಅಂಟಿಸುತ್ತಿದ್ದರು. ಒಂದು ಬಾರ್‌ಕೋಡಿನಲ್ಲಿ ಹಿಡಿಯುತ್ತಿದ್ದದ್ದು ಇಪ್ಪತ್ತು ಅಕ್ಷರದಷ್ಟು. ಹಾಗಾಗಿ ಒಂದೊಂದು ಪೆಟ್ಟಿಗೆಗೂ ಹತ್ತು ಬಾರ್‌ಕೋಡ್, ಕೆಲಸಗಾರರಿಗೆ ದಿನವೊಂದಕ್ಕೆ ಸಾವಿರದಷ್ಟು ಸ್ಕ್ಯಾನು. ಕೈ ಸೋತು ಗೊಣಗಿದ ಅವರ ಮಾತು ಹಾರಾ ಅವರ ಮೇಜಿಗೆ ಬಂತು. ಅವರ ತಂಡವೆಂದರೆ ಇನ್ನೊಬ್ಬರನ್ನೂ ಸೇರಿಸಿ ಇಬ್ಬರೇ.

ಊಟದ ಬಿಡುವಿನಲ್ಲಿ ಹಾರಾ ಅವರಿಗೆ ಗೋ ಆಡುವ ಅಭ್ಯಾಸವಿತ್ತು. ನಮ್ಮ ದೇವಸ್ಥಾನದ ಜಗಲಿಗಳಲ್ಲಿ ಕೊರೆದಿರುವ ಹುಲಿ–ಕುರಿ ಆಟದ ಹಾಗೆ ಅದೂ ಗೆರೆಗಳು ಕೂಡುವಲ್ಲಿ ಕಲ್ಲು ಇಡುವ ಆಟ. ಕಲ್ಲು ಕಪ್ಪು ಇಲ್ಲವೇ ಬಿಳಿ. ಒಂದು ದಿನ ಹಲಗೆ ನೋಡುತ್ತಿದ್ದಂತೆ ಅವರಿಗೆ ಹೊಳೆಯಿತು: ಗೆರೆಗಳನ್ನು ಒಂದೇ ಸಾಲಿನಲ್ಲಿ ನಿಲ್ಲಿಸುವುದೇಕೆ? ಕಪ್ಪುಬಿಳುಪನ್ನು ಉದ್ದಕ್ಕೂ ಅಡ್ಡಕ್ಕೂ ಹರಡಿದರೆ ಪುಟ್ಟ ಚೌಕದೊಳಗೆ ಸಾವಿರಾರು ಅಂಕಿ ಹಿಡಿಯುತ್ತವಲ್ಲ!

ಹಿಡಿಯಿತೇನೋ ನಿಜ. ಓದುವ ಯಂತ್ರಕ್ಕೆ ಮಾತ್ರ ಅದು ಕಾಣಿಸಲೇ ಇಲ್ಲ. ಪೆಟ್ಟಿಗೆಯ ಮೇಲೆ ಬೇರೆ ಅಕ್ಷರ, ಬೇರೆ ಗೆರೆ, ಬೇರೆ ಚಿತ್ರಗಳ ಸಂತೆ. ಅವುಗಳ ನಡುವೆ ಕೋಡ್ ಯಾವುದು, ಕಸ ಯಾವುದು? ಮತ್ತೆ ಅದೇ ವಿಳಾಸದ ಪ್ರಶ್ನೆ. ಕೋಡಿನ ಮೂಲೆಗಳಲ್ಲಿ ಗುರುತಿನ ಚೌಕ ಇಡಬೇಕೆಂದು ತೋಚಿತು. ಆದರೆ ಅಂಥದೇ ಆಕಾರ ಬೇರೆ ಅಚ್ಚಿನಲ್ಲಿ ಕಂಡರೆ ಯಂತ್ರ ಮೋಸಹೋಗುತ್ತದೆ. ಆಗ ಇಬ್ಬರೂ ಕೂತು ಕರಪತ್ರ, ಪತ್ರಿಕೆ, ರಟ್ಟಿನ ಡಬ್ಬ ಎಂದು ಕೈಗೆ ಸಿಕ್ಕ ಅಚ್ಚನ್ನೆಲ್ಲ ಕಪ್ಪುಬಿಳುಪಿನ ಅಳತೆಗೆ ಇಳಿಸಿ ಜಾಲಾಡಿದರು. ಹುಡುಕಿದ್ದು, ಲೋಕದ ಅಚ್ಚುಗಳಲ್ಲಿ ಅತಿ ಅಪರೂಪಕ್ಕೆ ಬರುವ ಅನುಪಾತವನ್ನು. ಸಿಕ್ಕಿತು: 1:1:3:1:1. ಕಪ್ಪು ಒಂದು, ಬಿಳಿ ಒಂದು, ಕಪ್ಪು ಮೂರು, ಬಿಳಿ ಒಂದು, ಕಪ್ಪು ಒಂದು. ಅಂಗಡಿಯ ಗಲ್ಲಾದ ಮುಂದೆ ದಿನವೂ ಕಾಣುವ ಕ್ಯೂಆರ್ ಕೋಡಿನ ಮೂರು ಮೂಲೆಗಳಲ್ಲಿ ಕೂತಿರುವ ಚೌಕದೊಳಗಿನ ಚೌಕಗಳು ಅವೇ. ನಟ್ಟನಡುವೆ ಹಾಯುವಂತೆ ಯಾವ ಕಡೆಯಿಂದ ಗೆರೆ ಎಳೆದರೂ ಅನುಪಾತ ಬದಲಾಗುವುದಿಲ್ಲ. 1994ರಲ್ಲಿ ಡೆನ್ಸೊ ಇದನ್ನು ಹೊರಗೆ ಬಿಟ್ಟಿತು. ಪೇಟೆಂಟ್ ಇದ್ದರೂ ಹಕ್ಕು ಚಲಾಯಿಸದೆ ಯಾರು ಬೇಕಾದರೂ ಬಳಸಲೆಂದು ಬಿಟ್ಟುಕೊಟ್ಟಿತು. ನೂರಕ್ಕೆ ಮೂವತ್ತರಷ್ಟು ಪಾಲು ಮಸಿ ಹಿಡಿದರೂ ಹರಿದರೂ ಉಳಿದದ್ದರಿಂದ ಪೂರ್ತಿ ಓದಿಕೊಳ್ಳುವ ಲೆಕ್ಕವನ್ನು ಅದರೊಳಗೆ ಸೇರಿಸಬಹುದಿತ್ತು. ಶಾಲೆಯ ಮಕ್ಕಳ ಪುಸ್ತಕ ಯಾವ ಗತಿಗೆ ಬರುತ್ತದೆ ಎಂದು ಬಲ್ಲವರಿಗೆ ಇದರ ಬೆಲೆ ಗೊತ್ತು.

ಅದೇ ದಶಕದ ಕೊನೆಗೆ ಇನ್ನೊಬ್ಬ ಜಪಾನಿ, ಹಿರೊಕಾಜು ಕಾಟೊ, ಅಮೆರಿಕದ ಸಿಯಾಟಲ್ ನಗರಕ್ಕೆ ಹೋದರು. ಅಲ್ಲಿನ ವಾಷಿಂಗ್ಟನ್ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ನ್ಯೂಜಿಲೆಂಡಿನ ಮಾರ್ಕ್ ಬಿಲ್ಲಿಂಗ್‌ಹರ್ಸ್ಟ್ ಎಆರ್ ಬಗ್ಗೆಯೇ ತಲೆ ಕೆಡಿಸಿಕೊಂಡಿದ್ದರು. ಕಾಟೊ ಚಾವಣಿಗೆ ತೋಳು ಕಟ್ಟಲಿಲ್ಲ, ಅಯಸ್ಕಾಂತವನ್ನೂ ಮುಟ್ಟಲಿಲ್ಲ. ಒಂದು ಬಿಳಿ ರಟ್ಟಿನ ಮೇಲೆ ದಪ್ಪ ಕಪ್ಪು ಚೌಕಟ್ಟು ಅಚ್ಚು ಹಾಕಿ, ಅದರೊಳಗೊಂದು ಗುರುತು ಬರೆದು, ಸಾಧಾರಣ ಕ್ಯಾಮೆರಾದ ಮುಂದೆ ಹಿಡಿದರು. ರಟ್ಟಿನ ಮೇಲೆ ಗೊಂಬೆ ಎದ್ದು ನಿಂತಿತು. ರಟ್ಟು ವಾಲಿದರೆ ಗೊಂಬೆಯೂ ವಾಲಿತು.

1999ರ ಬೇಸಿಗೆಯಲ್ಲಿ ಲಾಸ್ ಏಂಜಲೀಸಿನ ಸಿಗ್ರಾಫ್ ಸಮ್ಮೇಳನದಲ್ಲಿ ಅವರು ಅದನ್ನು ಇಸ್ಪೀಟಿನಂಥ ಆಟವಾಗಿ ಮುಂದಿಟ್ಟರು. ಕಾರ್ಡು ತಿರುವಿದರೆ ಅದರ ಮೇಲೆ ಒಂದು ಆಕೃತಿ. ಜೋಡಿ ಕಾರ್ಡುಗಳನ್ನು ಪಕ್ಕಪಕ್ಕ ಇಟ್ಟರೆ ಎರಡೂ ಕೂಡಿ ಕುಣಿಯುತ್ತಿದ್ದವು. ಯಾರಿಗೂ ಹೆಚ್ಚು ಹೇಳಿಕೊಡಬೇಕಾಗಲಿಲ್ಲ, ಕಾರ್ಡು ಹಿಡಿಯುವುದು ಎಲ್ಲರಿಗೂ ಗೊತ್ತಿದ್ದ ವಿದ್ಯೆ. ಪ್ರೋಗ್ರಾಮನ್ನು ಎಆರ್ ಟೂಲ್‌ಕಿಟ್ ಎಂಬ ಹೆಸರಿನಲ್ಲಿ ಲೋಕಕ್ಕೆ ಹಂಚಿದರು. ಬೆನ್ನಿಗೇ ಬಂದದ್ದು ಮ್ಯಾಜಿಕ್ ಬುಕ್: ಬರಿಗಣ್ಣಿಗೆ ಸಾದಾ ಪುಸ್ತಕ, ಸಾಧನ ಹಿಡಿದು ನೋಡಿದರೆ ಪುಟದಿಂದ ಚಿತ್ರ ಎದ್ದು ಬರುವ ಪುಸ್ತಕ. ಸಾಧನ ಕೆಟ್ಟರೂ ಓದು ನಿಲ್ಲದಂಥ ಉಪಾಯ ಅದು. ಆಮೇಲೆ ಬಂದ ಎಷ್ಟೋ ದುಬಾರಿ ಯಂತ್ರಗಳಿಗೆ ಈ ವಿವೇಕ ಇರಲಿಲ್ಲ.

ಅದೇ ಹೊತ್ತಿಗೆ ಆಸ್ಟ್ರಿಯಾದ ವಿಯೆನ್ನಾದಲ್ಲಿ ಹಾನೆಸ್ ಕೌಫ್‌ಮನ್ ಪ್ರೌಢಶಾಲೆಯ ರೇಖಾಗಣಿತಕ್ಕೇ ಎಆರ್ ತರಲು ಹೊರಟರು. ಶಂಕು, ಸಿಲಿಂಡರ್, ಗೋಳಗಳನ್ನು ಗಾಳಿಯಲ್ಲಿ ಕಟ್ಟಿ, ಸುತ್ತ ನಡೆದು ನೋಡಿ, ಒಂದರೊಳಗೊಂದು ತೂರಿಸಿ ಕಲಿಯುವ ಏರ್ಪಾಡು. ಹುಡುಗರು ಖುಷಿಪಟ್ಟರು. ತಲೆಗೆ ಹೆಲ್ಮೆಟ್ಟು, ಪಕ್ಕದಲ್ಲಿ ಕಂಪ್ಯೂಟರು, ಸುತ್ತ ಜಾಡು ಹಿಡಿಯುವ ಸಲಕರಣೆ. ಒಂದು ಸಲಕ್ಕೆ ಒಬ್ಬಿಬ್ಬರು ಕಲಿಯಬಹುದಿತ್ತು, ಅಷ್ಟೆ. ಅರವತ್ತು ಮಕ್ಕಳ ತರಗತಿಗೆ ಅದು ದೂರದ ಮಾತು.

ಕಪ್ಪುಬಿಳಿ ಚೌಕ ಕನ್ನಡದ ಮಕ್ಕಳ ಪುಸ್ತಕಕ್ಕೆ ಬಂದದ್ದು ವಿಯೆನ್ನಾದ ದಾರಿಯಿಂದಲ್ಲ, ಮಹಾರಾಷ್ಟ್ರದ ಸೊಲ್ಲಾಪುರ ಜಿಲ್ಲೆಯ ದನದ ಕೊಟ್ಟಿಗೆಯ ದಾರಿಯಿಂದ. 2009ರಲ್ಲಿ ರಣಜಿತ್‌ಸಿಂಹ ಡಿಸಲೆ ಎಂಬ ಶಿಕ್ಷಕರು ಮಾಢಾ ತಾಲ್ಲೂಕಿನ ಪರಿತೆವಾಡಿಯ ಜಿಲ್ಲಾ ಪರಿಷತ್ ಶಾಲೆಗೆ ಬಂದಾಗ ಕಟ್ಟಡ ಶಿಥಿಲವಾಗಿತ್ತು; ಒಂದು ಮಗ್ಗುಲಿಗೆ ಕೊಟ್ಟಿಗೆ, ಇನ್ನೊಂದು ಮಗ್ಗುಲಿಗೆ ಉಗ್ರಾಣ. ಎಂಜಿನಿಯರಿಂಗ್ ಓದಲು ಹೋಗಿ ಅರ್ಧಕ್ಕೆ ಬಿಟ್ಟು, ತಂದೆಯ ಮಾತಿನಂತೆ ಶಿಕ್ಷಕ ತರಬೇತಿ ಪಡೆದವರು ಅವರು. ಗೋಡೆ ಮೇಲೆತ್ತಬಹುದಿತ್ತು. ಮೇಲೆತ್ತಲಾಗದ ಅಡ್ಡಿ ಬೇರೆಯೇ ಇತ್ತು: ಅಲ್ಲಿನ ಹುಡುಗಿಯರ ಮನೆಮಾತು ಕನ್ನಡ, ಪುಸ್ತಕ ಆ ಭಾಷೆಯದಲ್ಲ. ಎಷ್ಟೋ ಮಕ್ಕಳು ಶಾಲೆಗೆ ಬರುತ್ತಲೇ ಇರಲಿಲ್ಲ. ಬೇಗ ಮದುವೆಯಾಗಿ ಹೋಗುವುದೂ ಇತ್ತು.

ಡಿಸಲೆ ಆ ಊರಿನಲ್ಲೇ ನೆಲೆನಿಂತು ಕನ್ನಡ ಕಲಿತರು. ಒಂದರಿಂದ ನಾಲ್ಕನೆಯ ತರಗತಿಯವರೆಗಿನ ಪುಸ್ತಕಗಳನ್ನು ಮಕ್ಕಳ ಮಾತಿಗೆ ತಂದರು. ಆಮೇಲೆ ಪುಟಗಳ ಮೇಲೆ ಹಾರಾ ಅವರ ಚೌಕವನ್ನು ಅಂಟಿಸಿದರು. ಫೋನು ಹಿಡಿದರೆ ಪದ್ಯ ಹಾಡಾಯಿತು, ಪಾಠ ವಿಡಿಯೊ ಆಯಿತು, ಕತೆ ಕೇಳಿಸಿತು. ಕಟ್ಟುನಿಟ್ಟಾಗಿ ಹೇಳಿದರೆ ಇದು ಎಆರ್ ಅಲ್ಲ, ಪುಟದ ಮೇಲೆ ಏನೂ ಎದ್ದು ನಿಲ್ಲಲಿಲ್ಲ. ಆದರೆ ಅಚ್ಚಾದ ಪುಟಕ್ಕೆ ಫೋನಿನಿಂದ ಜೀವ ಬರಬಹುದು ಎಂದು ಹಳ್ಳಿಯ ಮನೆಗಳು ನಂಬಿದ್ದು ಇಂಥ ಕೆಲಸದಿಂದ. ಹುಡುಗಿಯರ ಹಾಜರಿ ಏರಿತು. 2017ರಲ್ಲಿ ಮಹಾರಾಷ್ಟ್ರ ಸರ್ಕಾರ ರಾಜ್ಯದ ಪಠ್ಯಪುಸ್ತಕಗಳಿಗೆಲ್ಲ ಕ್ಯೂಆರ್ ಕೋಡ್ ಹಾಕಲು ಹೊರಟಿತು. ಮರುವರ್ಷ ಕೇಂದ್ರ ಸರ್ಕಾರ ಎನ್‌ಸಿಇಆರ್‌ಟಿ ಪುಸ್ತಕಗಳಿಗೂ ಅದನ್ನು ಘೋಷಿಸಿತು. 2020ರ ಡಿಸೆಂಬರಿನಲ್ಲಿ ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ ಡಿಸಲೆಯವರಿಗೆ ಬಂದಾಗ, ಅವರು ಅರ್ಧ ಹಣವನ್ನು ಕೊನೆಯ ಸುತ್ತಿನಲ್ಲಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು.

2017ರಲ್ಲಿ ಶುರುವಾದ ದೀಕ್ಷಾ ಜಾಲತಾಣದ ಬೆನ್ನು ಹಿಡಿದು ಕರ್ನಾಟಕದ ಪಠ್ಯಪುಸ್ತಕಗಳಿಗೂ ಚೌಕ ಬಂತು. ಹೀಗೆ ಅದು ರಾಜ್ಯದ ದಕ್ಷಿಣದಂಚಿನ ಕೊಳ್ಳೇಗಾಲ, ಯಳಂದೂರು, ಹನೂರಿನ ಮಕ್ಕಳ ಚೀಲಗಳನ್ನು ಸೇರಿತು. ಆದರೆ ಈ ಸೀಮೆಗೆ ಬರುವ ಹೊತ್ತಿಗೆ ಹೊಸ ತೊಡಕು ಹುಟ್ಟಿಕೊಂಡಿತು. ಚೌಕದಲ್ಲಿರುವುದು ಬರೀ ವಿಳಾಸ. ಆ ವಿಳಾಸಕ್ಕೆ ಹೋಗಲು ನೆಟ್‌ವರ್ಕ್ ಬೇಕು. ಕೊಳ್ಳೇಗಾಲದ ಪೇಟೆಯಲ್ಲಿ, ಯಳಂದೂರಿನ ಬಯಲಿನಲ್ಲಿ ಅದು ದೊಡ್ಡ ಮಾತಲ್ಲ. ಬಿಳಿಗಿರಿರಂಗನ ಬೆಟ್ಟ ಹತ್ತಿದರೆ, ಮಲೆ ಮಹದೇಶ್ವರ ಬೆಟ್ಟದ ಕಾಡೊಳಗಿನ ಊರುಗಳಿಗೆ ನಡೆದರೆ, ಸಿಗ್ನಲ್ ಸಿಗುವ ಬಂಡೆಯನ್ನು ಹುಡುಕಬೇಕು. ಈ ಸೀಮೆಗೆ ಇದು ಹೊಸ ಅನುಭವವೂ ಅಲ್ಲ: ಕೊಳ್ಳೇಗಾಲದ ಮಗ್ಗುಲಿನ ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು 1902ರಲ್ಲೇ ನೂರೈವತ್ತು ಕಿಲೋಮೀಟರ್ ಆಚೆಯ ಕೋಲಾರದ ಚಿನ್ನದ ಗಣಿಗೆ ಓಡಿತ್ತು, ಕಣ್ಣಳತೆಯ ಹಳ್ಳಿಗಳು ಬುಡ್ಡಿದೀಪ ಹಚ್ಚಿಕೊಂಡೇ ದಶಕಗಳು ಕಾದವು.

ಭಾಷೆಯ ತೊಡಕೂ ಇತ್ತು, ಪರಿತೆವಾಡಿಯದು ಇಲ್ಲಿ ತಿರುಗಾಮುರುಗ. ಪುಸ್ತಕವೇನೋ ಕನ್ನಡದ್ದು. ಆದರೆ ಹನೂರಿನ ಮಾರ್ಟಳ್ಳಿ ಕಡೆಯ ಎಷ್ಟೋ ಮನೆಗಳಲ್ಲಿ ತಮಿಳು, ಪೋಡುಗಳಲ್ಲಿ ಸೋಲಿಗರ ನುಡಿ, ತಾಂಡಾಗಳಲ್ಲಿ ಲಂಬಾಣಿ. ಹೃದಯದ ನಾಲ್ಕು ಕೋಣೆಗಳನ್ನು ಹೃತ್ಕರ್ಣ, ಹೃತ್ಕುಕ್ಷಿ ಎಂದು ಓದಿದ ಮಗುವಿಗೆ ಅಕ್ಷರ ಎಡವಿದಲ್ಲಿ ಚಿತ್ರವಾದರೂ ಕೈ ಹಿಡಿಯಬೇಕು. ಸೀಮೆಸುಣ್ಣದಿಂದ ಹಲಗೆಯ ಮೇಲೆ ಬರೆದ ಹೃದಯಕ್ಕೆ ಹಿಂಬದಿ ಇರುವುದಿಲ್ಲ.

2020ರ ಮಾರ್ಚಿನಲ್ಲಿ ಶಾಲೆಗಳಿಗೆ ಬೀಗ ಬಿತ್ತು. ಪ್ರೌಢಶಾಲೆಯ ಪಾಠ ಚಂದನ ವಾಹಿನಿಯ ಸಂವೇದ ಕಾರ್ಯಕ್ರಮಕ್ಕೆ ಹೋಯಿತು. ವಿದ್ಯಾಗಮದ ಹೆಸರಿನಲ್ಲಿ ಮೇಷ್ಟ್ರುಗಳು ಗುಡಿಯ ಅಂಗಳ, ಮರದ ನೆರಳು, ಮನೆಯ ಜಗಲಿಗಳಿಗೆ ಹೋದರು. ಆ ದಿನಗಳಲ್ಲೇ ದೇಶದ ತುಂಬ ಒಂದು ಹುಚ್ಚು ಹಬ್ಬಿತು. ಗೂಗಲ್‌ನಲ್ಲಿ ಹುಲಿ ಎಂದು ಹುಡುಕಿ ಗುಂಡಿ ಒತ್ತಿದರೆ ನಡುಮನೆಯಲ್ಲಿ ಹುಲಿ ಬಂದು ನಿಲ್ಲುತ್ತಿತ್ತು. ಹುಲಿಯನ್ನೇರಿದ ಮಾದಪ್ಪನ, ಅಂದರೆ ಮಲೆ ಮಹದೇಶ್ವರನ, ಸೀಮೆಯವರಿಗೆ, ಹುಲಿ ಸಂರಕ್ಷಿತ ಕಾಡಿನ ಅಂಚಿನಲ್ಲಿ ಬದುಕುವವರಿಗೆ, ಹುಲಿಯೇನೂ ಅಪರೂಪದ್ದಲ್ಲ. ಹಾಗಿದ್ದರೂ ಎಆರ್ ಎಂಬುದು ಪ್ರಯೋಗಾಲಯದಿಂದ ಜಗಲಿಗೆ ಬಂದದ್ದು ಹೀಗೆ, ಪಾಠದ ರೂಪದಲ್ಲಲ್ಲ, ಫೋಟೊ ತೆಗೆಸಿಕೊಳ್ಳುವ ಮೋಜಿನ ರೂಪದಲ್ಲಿ.

ಆ ಹುಲಿಗೂ ಒಂದು ಬಡಿವಾರವಿತ್ತು. ಅದು ಬರುತ್ತಿದ್ದದ್ದು ಆಯ್ದ ಫೋನುಗಳಿಗೆ ಮಾತ್ರ. ಗುರುತಿನ ಚೌಕವಿಲ್ಲದೆಯೇ ನೆಲದ ಕಲೆ, ಚಾಪೆಯ ಅಂಚು, ಗೋಡೆಯ ಮೂಲೆಗಳನ್ನು ತಾನೇ ಹೆಕ್ಕಿ, ಕೈಯ ಅಲುಗಾಟವನ್ನು ಅಳೆದು ವಿಳಾಸ ಕಂಡುಕೊಳ್ಳುವ ಹೊಸ ಬಗೆಯ ಎಆರ್ ಅದು. ಅದಕ್ಕೆ ಒಳ್ಳೆಯ ಸೆನ್ಸರು ಬೇಕು, ವೇಗದ ಚಿಪ್ಪು ಬೇಕು. ಮನೆಗೊಂದೇ ಇದ್ದ ಅಗ್ಗದ ಫೋನು, ಅದೂ ಅಪ್ಪನ ಜೊತೆ ಕೂಲಿಗೆ ಹೋಗುವ ಫೋನು, ಎಷ್ಟು ಒತ್ತಿದರೂ ಹುಲಿಯ ಚಪ್ಪಟೆ ಚಿತ್ರವನ್ನಷ್ಟೇ ತೋರಿಸಿತು.

ಇಲ್ಲಿ ಕತೆ ಹಿಂದಕ್ಕೆ ಹೊರಳಿದ್ದು ಬೆರಗಿನ ಸಂಗತಿ. ಮೇಲಿನ ಹಂತದ ಯಂತ್ರಗಳು ಹಳತೆಂದು ಕೈಬಿಟ್ಟಿದ್ದ ಕಾಟೊ ಅವರ ಕಪ್ಪು ಚೌಕಟ್ಟೇ ಅಗ್ಗದ ಫೋನಿಗೆ ಒಗ್ಗಿತು. ಅದಕ್ಕೆ ಬೇಕಾದದ್ದು ಒಂದು ಕ್ಯಾಮೆರಾ, ಅಚ್ಚಾದ ಒಂದು ಪುಟ. ಆಕೃತಿಯನ್ನು ಮೊದಲೇ ಫೋನಿಗೆ ಇಳಿಸಿಕೊಂಡರೆ ಆಮೇಲೆ ನೆಟ್‌ವರ್ಕ್ ಕೂಡ ಬೇಡ. ಪುಸ್ತಕದ ಪುಟವನ್ನೇ ಗುರುತಾಗಿ ಓದಿ ಚಿತ್ರ ಎಬ್ಬಿಸುವ ಇ-ಪಾಠಶಾಲಾ ಎಆರ್ ಎಂಬ ಆ್ಯಪನ್ನು ಎನ್‌ಸಿಇಆರ್‌ಟಿ ಬಿಟ್ಟಿತು. ಕರ್ನಾಟಕದ ಹತ್ತನೆಯ ತರಗತಿಯ ವಿಜ್ಞಾನ, ಗಣಿತಗಳು ಎನ್‌ಸಿಇಆರ್‌ಟಿ ಪುಸ್ತಕಗಳ ಕನ್ನಡ ರೂಪವೇ ಆದ್ದರಿಂದ ಅಲ್ಲಿನ ಪಾಠ ಇಲ್ಲಿಗೂ ಹೊಂದುತ್ತಿತ್ತು. ಆದರೆ ಅದರ ವಿವರಣೆಯನ್ನು ಮನೆಯ ನುಡಿಗೆ ತರುವ ಕೆಲಸ ಮೇಷ್ಟ್ರ ಪಾಲಿಗೇ ಉಳಿಯಿತು. ಡಿಸಲೆ ಪಟ್ಟ ಪಾಡನ್ನು ಯಾವ ಆ್ಯಪೂ ತಪ್ಪಿಸಲಿಲ್ಲ.

ಇಷ್ಟಕ್ಕೂ ಕಾಟೊ ಅವರ ಆ ಕಪ್ಪು ಚೌಕದ ಗುಟ್ಟೇನು? ಹತ್ತನೆಯ ತರಗತಿಯ ಗಣಿತದಲ್ಲೇ ಅದಿದೆ, ತ್ರಿಭುಜಗಳ ಅಧ್ಯಾಯದಲ್ಲಿ. ಸಮರೂಪ ತ್ರಿಭುಜಗಳ ನಿಯಮದಂತೆ ಚೌಕ ಎರಡು ಪಟ್ಟು ದೂರ ಹೋದರೆ ಚಿತ್ರದಲ್ಲಿ ಅದರ ಬಾಹು ಅರ್ಧವಾಗುತ್ತದೆ. ಓರೆಯಾಗಿ ಹಿಡಿದರೆ ಹತ್ತಿರದ ಅಂಚು ಉದ್ದ, ದೂರದ ಅಂಚು ಗಿಡ್ಡ. ಫೋನಿಗೆ ತಿಳಿಯಬೇಕಾದ ಸಂಗತಿ ಆರು: ಚೌಕ ಎಷ್ಟು ದೂರ, ಎಷ್ಟು ಪಕ್ಕಕ್ಕೆ, ಎಷ್ಟು ಮೇಲಕ್ಕೆ, ಮತ್ತು ಮೂರು ಬಗೆಯ ವಾಲುವಿಕೆ. ಚಿತ್ರದಲ್ಲಿ ಕಂಡ ನಾಲ್ಕು ಮೂಲೆಗಳು, ಮೂಲೆಗೆ ಎರಡರಂತೆ, ಎಂಟು ಅಂಕಿ ಕೊಡುತ್ತವೆ. ಚೌಕದ ನಿಜವಾದ ಅಳತೆ ಮೊದಲೇ ಗೊತ್ತಿರುವುದರಿಂದ ಆರಕ್ಕೆ ಎಂಟು ಸಾಕಾಗಿ ಮಿಗುತ್ತದೆ. ಉತ್ತರ ಸಿಕ್ಕ ಕೂಡಲೇ ಫೋನು ಹೃದಯವನ್ನು ಅದೇ ಓರೆಯಲ್ಲಿ ಬರೆಯುತ್ತದೆ. ಸೆಕೆಂಡಿಗೆ ಮೂವತ್ತು ಸಲ ಈ ಲೆಕ್ಕ ಹೊಸದಾಗಿ ನಡೆಯುವುದರಿಂದ ಹೃದಯ ಪುಟಕ್ಕೆ ಅಂಟಿಕೊಂಡೇ ಇದ್ದಂತೆ ತೋರುತ್ತದೆ. ತಲೆ ಯಾವುದು, ಕಾಲು ಯಾವುದು ಎಂದು ಹೇಳುವುದು ಒಳಗಿನ ಗುರುತಿನ ಕೆಲಸ. ಕನ್ನಡದ ‘ಕ’ ಬರೆದರೂ ಅಡ್ಡಿಯಿಲ್ಲ. ಸೊನ್ನೆ ಬರೆದರೆ ಮಾತ್ರ ಫೋನು ತಬ್ಬಿಬ್ಬಾಗುತ್ತದೆ, ಅದು ಯಾವ ಕಡೆಯಿಂದ ನೋಡಿದರೂ ಒಂದೇ. ಹಾಗೆಯೇ ಹಿಂದಿನ ಬೆಂಚಿನ ತುಂಟನೊಬ್ಬ ಒಂದು ಮೂಲೆಯ ಮೇಲೆ ಬೆರಳಿಟ್ಟರೂ ಸಾಕು, ಚೌಕಟ್ಟು ಮುರಿದು, ಲೆಕ್ಕ ತಪ್ಪಿ, ಹೃದಯ ಮಾಯವಾಗುತ್ತದೆ; ಬೆರಳು ತೆಗೆದರೆ ಮತ್ತೆ ಹಾಜರು.